ಕ್ಷಯ: ರಕ್ತದಲ್ಲಿ ಬರುವುದೇನು, ಗಾಳಿಯಲ್ಲಿ ಬರುವುದೇನು?

‘ತಾತನಿಗೆ ಟಿ.ಬಿ. ಇತ್ತು, ಈಗ ಇವರಿಗೂ ಬಂದಿದೆ. ಮಗುವಿಗೂ ಬರುತ್ತದಾ ಡಾಕ್ಟ್ರೇ?’ ತಾಯಂದಿರು ಕೇಳುವ ಈ ಪ್ರಶ್ನೆಗೆ ನನ್ನ ಮೊದಲ ಉತ್ತರ: ಕ್ಷಯ ವಂಶದ ಕಾಯಿಲೆಯಲ್ಲ. ರೋಗಿ ಕೆಮ್ಮಿದಾಗ ಗಾಳಿ ಸೇರುವ ಬ್ಯಾಕ್ಟೀರಿಯಾದಿಂದ ಅದು ಹರಡುತ್ತದೆ. ಒಂದೇ ಮನೆಯ ಹಲವರಿಗೆ ಬರಲು ಮುಖ್ಯ ಕಾರಣ, ಅವರೆಲ್ಲ ಒಂದೇ ಸೂರಿನಡಿ ಉಸಿರಾಡುವುದು.

ಆದರೆ ಸೋಂಕು ತಗುಲಿದವರೆಲ್ಲ ಕಾಯಿಲೆ ಬೀಳುವುದಿಲ್ಲ. ಜೀವಮಾನದಲ್ಲಿ ಹಾಗಾಗುವುದು 100ರಲ್ಲಿ 5ರಿಂದ 10 ಮಂದಿಗೆ; ಐದು ವರ್ಷದೊಳಗಿನ ಮಕ್ಕಳಲ್ಲಿ ಅಪಾಯ ಹೆಚ್ಚು. ಈ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲೂ ಇದೆ. ಬ್ಯಾಕ್ಟೀರಿಯಾವನ್ನು ನುಂಗಿದ ರಕ್ಷಣಾ ಕೋಶಕ್ಕೆ ಅದನ್ನು ಕೊಲ್ಲುವ ಬಲ ಬರುವುದು ಇಂಟರ್‌ಫೆರಾನ್-ಗಾಮಾ ಎಂಬ ಪ್ರೋಟೀನಿನ ಸಂದೇಶದಿಂದ. ಈ ವ್ಯವಸ್ಥೆ ಕೆಲವರಲ್ಲಿ ತುಸು ಚುರುಕು, ಕೆಲವರಲ್ಲಿ ತುಸು ಮಂದ.

ತೀರಾ ಅಪರೂಪಕ್ಕೆ, ಒಂದೇ ಜೀನ್ ಕೆಟ್ಟು ಈ ಸಂದೇಶವೇ ತಲುಪದಿರಬಹುದು. ಇಂಥ ದೋಷವನ್ನು 1996ರಲ್ಲಿ ಮೊದಲು ಗುರುತಿಸಲಾಯಿತು. ಅಂಥ ಶಿಶುವಿನಲ್ಲಿ ಕ್ಷಯ ತಡೆಗೆ ಹಾಕುವ ಬಿಸಿಜಿ ಲಸಿಕೆಯ ದುರ್ಬಲ ಬ್ಯಾಕ್ಟೀರಿಯಾ ಕೂಡ ಮೈತುಂಬ ಹರಡಬಲ್ಲದು. ಲಸಿಕೆ ಹಾಕಿದ ಜಾಗದಲ್ಲಿ ಕೆಲವು ವಾರಗಳ ನಂತರ ಸಣ್ಣ ಗುಳ್ಳೆಯೆದ್ದು ಕೀವಾಗುವುದು ಸಹಜ, ಅದಕ್ಕೆ ಹೆದರಬೇಡಿ. ಕಂಕುಳಲ್ಲಿ ಗಂಟು ದೊಡ್ಡದಾಗುತ್ತಿದ್ದರೆ, ಜ್ವರ ಬಿಡದಿದ್ದರೆ, ತೂಕ ಏರದಿದ್ದರೆ ಮಕ್ಕಳ ತಜ್ಞರಿಗೆ ತೋರಿಸಿ.

ಹಿಂದಿನ ಮಗುವಿಗೆ ಬಿಸಿಜಿಯಿಂದ ತೀವ್ರ ತೊಂದರೆಯಾಗಿದ್ದರೆ, ಅಥವಾ ಎಳೆಯ ಕೂಸು ಸೋಂಕಿನಿಂದ ತೀರಿಕೊಂಡಿದ್ದರೆ, ಮುಂದಿನ ಹೆರಿಗೆಗೆ ಮೊದಲೇ ವೈದ್ಯರಿಗೆ ತಿಳಿಸಿ. ಬಿಸಿಜಿಯನ್ನು ಹುಟ್ಟಿದ ಕೂಡಲೇ ಹಾಕುತ್ತಾರಲ್ಲ. ಸೋದರಮಾವ, ಅತ್ತೆ ಮಗ ಹೀಗೆ ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಅದನ್ನೂ ಹೇಳಿ. ಒಂದೇ ದೋಷ ಇಬ್ಬರಲ್ಲೂ ಅಡಗಿರುವ ಸಾಧ್ಯತೆ ಅಲ್ಲಿ ಹೆಚ್ಚು. ಇದರಲ್ಲಿ ಯಾರ ತಪ್ಪೂ ಇಲ್ಲ, ಸೊಸೆಯನ್ನು ದೂರುವಂಥದ್ದಂತೂ ಏನೂ ಇಲ್ಲ.

ಉಳಿದ ಮಕ್ಕಳಿಗೆಲ್ಲ ಜೀನ್ ಪರೀಕ್ಷೆ ಬೇಕಿಲ್ಲ, ಬಿಸಿಜಿ ತಪ್ಪಿಸಲೂ ಬಾರದು. ಮನೆಯಲ್ಲಿ ಒಬ್ಬರಿಗೆ ಕ್ಷಯ ಪತ್ತೆಯಾದರೆ ಎಲ್ಲರೂ ತಪಾಸಣೆ ಮಾಡಿಸಿಕೊಳ್ಳಿ. ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೂ ಮಕ್ಕಳಿಗೆ ವೈದ್ಯರು ಮುಂಜಾಗ್ರತೆಯ ಮಾತ್ರೆ ಬರೆದರೆ, ‘ಮಗು ಚೆನ್ನಾಗಿದೆಯಲ್ಲ’ ಎಂದು ನಡುವೆ ನಿಲ್ಲಿಸಬೇಡಿ. ಊಟದ ಕಡೆಗೂ ಗಮನವಿರಲಿ. ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೆ ಹೆಚ್ಚುವರಿ ಪಡಿತರ ಕೊಟ್ಟಾಗ ಅವರಲ್ಲಿ ಹೊಸ ಕ್ಷಯ ಪ್ರಕರಣಗಳು ಶೇ 39ರಷ್ಟು ಕಡಿಮೆಯಾದವೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಹುಟ್ಟಿನಿಂದ ಬಂದ ಜೀನನ್ನು ನೀವು ಬದಲಿಸಲಾರಿರಿ. ತಪಾಸಣೆ, ಮಾತ್ರೆ, ಊಟ ಮೂರೂ ನಿಮ್ಮ ಕೈಯಲ್ಲಿವೆ.