ಅಂಗಡಿಯಲ್ಲಿ ಸರಿ, ಮನೆಯಲ್ಲಿ ರೀಸ್ಟಾರ್ಟ್!

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಕೆಲಸ ಮಾಡುತ್ತಿರುವಾಗಲೇ ಇದ್ದಕ್ಕಿದ್ದಂತೆ ಆರಿ ತಾನಾಗಿ ಮತ್ತೆ ಶುರುವಾಗುತ್ತದೆ. ಸಂಜೆ ಹೊತ್ತು ಈ ಕಾಟ ಜಾಸ್ತಿ. ರಿಪೇರಿಯವರು ವೈರಸ್ ಎಂದು ಎರಡು ಸಲ ಫಾರ್ಮ್ಯಾಟ್ ಮಾಡಿಕೊಟ್ಟರು. ಅವರ ಅಂಗಡಿಯಲ್ಲಿ ದಿನವಿಡೀ ಚೆನ್ನಾಗಿ ಓಡುತ್ತದೆ, ಮನೆಗೆ ತಂದರೆ ಅದೇ ಕಥೆ. ಮನೆಯಲ್ಲಿ ಇನ್ವರ್ಟರ್ ಇದೆ, ಕಂಪ್ಯೂಟರಿಗೆ ಐದು ವರ್ಷ ಹಳೆಯ ಯುಪಿಎಸ್ ಕೂಡ ಇದೆ. ಏನು ಮಾಡಲಿ?
— ಓದುಗರೊಬ್ಬರು, ಸಾಗರ

ಉತ್ತರ: ಮೊದಲನೆಯದಾಗಿ, ಮೂರನೇ ಸಲ ಫಾರ್ಮ್ಯಾಟ್ ಮಾಡಿಸಬೇಡಿ. ವೈರಸ್ಸಿಗೆ ಅಂಗಡಿ ಯಾವುದು, ಮನೆ ಯಾವುದು ಎಂಬ ಭೇದವಿಲ್ಲ, ಸಂಜೆಯಾಯಿತೆಂದೂ ಅದಕ್ಕೆ ತಿಳಿಯುವುದಿಲ್ಲ. ಆ ಭೇದವಿರುವುದು ಕರೆಂಟಿಗೆ. ಎಲ್ಲ ಮನೆಗಳಲ್ಲೂ ದೀಪ, ಮಿಕ್ಸಿ, ಪಂಪು ಒಟ್ಟಿಗೆ ಶುರುವಾಗುವ ಹೊತ್ತಿನಲ್ಲಿ 230 ವೋಲ್ಟ್ ಇರಬೇಕಾದ ಲೈನು ಕುಸಿಯುವುದು ನಮ್ಮೂರುಗಳಲ್ಲಿ ಹೊಸತೇನಲ್ಲ.

ರಿಪೇರಿಯವರ ಬಾಯಿಗೆ ವೈರಸ್ ಎಂಬ ಮಾತು ಬೇಗ ಬರುವುದಕ್ಕೆ ಒಂದು ಇತಿಹಾಸವಿದೆ ಅನ್ನಿ. 2003ರಲ್ಲಿ ಬ್ಲಾಸ್ಟರ್, 2004ರಲ್ಲಿ ಸ್ಯಾಸರ್ ಎಂಬ ಪಿಡುಗುಗಳು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರುಗಳನ್ನು ನಿಜಕ್ಕೂ ಹೀಗೇ ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿಸಿದ್ದವು. ಆದರೆ ಆಗ ಪರದೆಯ ಮೇಲೆ 60 ಸೆಕೆಂಡುಗಳ ಎಣಿಕೆ ಕಾಣಿಸುತ್ತಿತ್ತು. ನಿಮ್ಮದು ಹೇಳದೆ ಕೇಳದೆ ಆರುತ್ತಿದೆ.

ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ, ಕಂಪ್ಯೂಟರನ್ನೇ ಕೇಳಿ. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂಯರ್ ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ರೀಸ್ಟಾರ್ಟ್ ಆದ ಹೊತ್ತಿನ ಆಸುಪಾಸು 1074 ಎಂಬ ಸಂಖ್ಯೆ ಇದ್ದರೆ ಯಾವುದೋ ಪ್ರೋಗ್ರಾಮ್, ಹೆಚ್ಚಾಗಿ ವಿಂಡೋಸ್ ಅಪ್‌ಡೇಟ್, ತಾನಾಗಿ ಆಜ್ಞೆ ಕೊಟ್ಟು ಮಾಡಿಸಿದ್ದು. ಕರ್ನೆಲ್ ಪವರ್ 41 ಎಂದಿದ್ದರೆ ವಿಂಡೋಸಿಗೆ ಬಾಗಿಲು ಮುಚ್ಚಲೂ ಪುರುಸೊತ್ತು ಸಿಗಲಿಲ್ಲ ಎಂದರ್ಥ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ 0 ಎಂದೇ ಇದ್ದರೆ ಬಹುಪಾಲು ಕರೆಂಟಿನ ದಾರಿಯದೇ ತೊಂದರೆ. ಬೇರೆ ಸಂಖ್ಯೆ ಇದ್ದರೆ ಅದು ನೀಲಿ ಪರದೆಯ ಜಾತಿ. ಅದರ ಮಾತು ಆಮೇಲೆ.

ಇದಕ್ಕಿಂತ ಖಚಿತವಾದ, ಖರ್ಚಿಲ್ಲದ ಪರೀಕ್ಷೆ ಇನ್ನೊಂದಿದೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತ ಬಯಾಸ್ ಪರದೆಗೆ ಹೋಗಿ, ಸಂಜೆ ಹೊತ್ತು ಅಲ್ಲೇ ಬಿಟ್ಟುಬಿಡಿ. ಅಲ್ಲಿ ವಿಂಡೋಸೂ ಇಲ್ಲ, ವೈರಸ್ಸೂ ಇಲ್ಲ. ಅಲ್ಲೂ ರೀಸ್ಟಾರ್ಟ್ ಆಯಿತೋ, ಫಾರ್ಮ್ಯಾಟ್ ಮಾತನ್ನು ಶಾಶ್ವತವಾಗಿ ಬಿಡಬಹುದು.

ಒಳಗೆ ನಡೆಯುವುದು ಹೀಗೆ. ಕ್ಯಾಬಿನೆಟ್ಟಿನ ಹಿಂಭಾಗದಲ್ಲಿರುವ ಎಸ್‌ಎಂಪಿಎಸ್ ಡಬ್ಬ ಗೋಡೆಯ ಕರೆಂಟನ್ನು 12, 5, 3.3 ವೋಲ್ಟುಗಳಾಗಿ ಇಳಿಸಿ ಕೊಡುತ್ತದೆ. ಜೊತೆಗೆ, ಬೂದು ಬಣ್ಣದ ತಂತಿಯೊಂದರಲ್ಲಿ 'ಎಲ್ಲ ಸರಿಯಿದೆ' ಎಂಬ ಸೂಚನೆಯನ್ನು ಮದರ್‌ಬೋರ್ಡಿಗೆ ಸದಾ ಕಳಿಸುತ್ತಿರುತ್ತದೆ. ವೋಲ್ಟೇಜ್ ತಪ್ಪಿದರೆ ಈ ಸೂಚನೆ ನಿಲ್ಲುತ್ತದೆ, ಮದರ್‌ಬೋರ್ಡ್ ಕೂಡಲೇ ರೀಸೆಟ್ ಆಗುತ್ತದೆ. ಸೂಚನೆ ಮರಳಿದೊಡನೆ ಎಲ್ಲ ಮೊದಲಿಂದ ಶುರು. ಒಳ್ಳೆಯ ಎಸ್‌ಎಂಪಿಎಸ್ ಕರೆಂಟು ಹೋದ ಮೇಲೂ ಸುಮಾರು 16 ಮಿಲಿಸೆಕೆಂಡ್ ದಮ್ಮು ಕಟ್ಟಬಲ್ಲದು. ಮಾಮೂಲಿ ಯುಪಿಎಸ್ ಬ್ಯಾಟರಿಗೆ ಬದಲಾಗಲು 10 ಮಿಲಿಸೆಕೆಂಡಿನ ಒಳಗೇ ಸಾಕು, ಹಾಗಾಗಿ ಬಚಾವು. ಎಸ್‌ಎಂಪಿಎಸ್‌ನೊಳಗಿನ ಕೆಪ್ಯಾಸಿಟರುಗಳು ಹಳತಾಗಿ ಒಣಗಿದರೆ ಆ ದಮ್ಮು ಕಡಿಮೆಯಾಗುತ್ತದೆ.

ಇನ್ವರ್ಟರ್ ಇದೆ ಎಂದಿರಿ. ಅನೇಕ ಇನ್ವರ್ಟರುಗಳ ಹಿಂದೆ 'ಯುಪಿಎಸ್' ಮತ್ತು 'ನಾರ್ಮಲ್' ಅಥವಾ 'ಇಕೊ' ಎಂಬ ಸ್ವಿಚ್ ಇರುತ್ತದೆ. ಫ್ಯಾನು, ದೀಪಕ್ಕೆ ನಾರ್ಮಲ್ ಸಾಕು, ಅದರಲ್ಲಿ ಬದಲಾವಣೆ ನಿಧಾನ, ಕಡಿಮೆ ವೋಲ್ಟೇಜನ್ನೂ ಹಾಗೇ ಒಳಬಿಡುತ್ತದೆ. ಕಂಪ್ಯೂಟರಿಗೆ ಅದಾಗದು. ಸ್ವಿಚ್ ಯುಪಿಎಸ್ ಕಡೆಗಿದೆಯೇ ನೋಡಿ. ಈ ಪುಟ್ಟ ಸ್ವಿಚ್ಚಿನಿಂದಲೇ ಬಗೆಹರಿಯುವ ಕೇಸುಗಳು ಇರುತ್ತವೆ.

ಆದರೂ ನನ್ನ ದೊಡ್ಡ ಅನುಮಾನ ನಿಮ್ಮ ಐದು ವರ್ಷದ ಯುಪಿಎಸ್ ಮೇಲೆ. ಅದರೊಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಸಾಮಾನ್ಯವಾಗಿ ಮೂರು ವರ್ಷ ಬಾಳಿದರೆ ಪುಣ್ಯ. ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಬ್ಯಾಟರಿ ಸತ್ತಿರುತ್ತದೆ. ಸಂಜೆ ವೋಲ್ಟೇಜ್ ಕುಸಿದಾಗ ಯುಪಿಎಸ್ ಬ್ಯಾಟರಿಗೆ ಹೊರಳುತ್ತದೆ, ಬ್ಯಾಟರಿ ಕೈಕೊಡುತ್ತದೆ, ಕಂಪ್ಯೂಟರ್ ಬೀಳುತ್ತದೆ. ಪರೀಕ್ಷಿಸುವುದು ಸುಲಭ: ಕಂಪ್ಯೂಟರನ್ನು ಬಿಡಿಸಿ, ಹಳೆಯ ಕಾಲದ 100 ವ್ಯಾಟ್ ಬಲ್ಬೊಂದನ್ನು ಯುಪಿಎಸ್‌ಗೆ ಸಿಕ್ಕಿಸಿ ಗೋಡೆಯ ಸ್ವಿಚ್ ಆರಿಸಿ. ಕೆಲವು ನಿಮಿಷವಾದರೂ ಉರಿಯಬೇಕು. ಎಲ್‌ಇಡಿ ಬಲ್ಬ್ ಹಾಕಬೇಡಿ, ಅದು ಎಳೆಯುವ ಕರೆಂಟು ತೀರಾ ಕಡಿಮೆ, ಸತ್ತ ಬ್ಯಾಟರಿಯೂ ಪಾಸಾಗಿಬಿಡುತ್ತದೆ.

ಯುಪಿಎಸ್ ಪಾಸಾದರೆ ಮುಂದಿನ ಸರದಿ ಎಸ್‌ಎಂಪಿಎಸ್‌ನದು. ಬಯಾಸ್‌ನಲ್ಲಿ ವೋಲ್ಟೇಜ್ ತೋರಿಸುವ ಪುಟ ಇದ್ದರೆ 12 ವೋಲ್ಟಿನ ಸಾಲು 11.4ರಿಂದ 12.6ರೊಳಗೆ ಇರಬೇಕು. ಅದು ಸರಿ ಕಂಡರೂ ಪರಿಚಯದವರಿಂದ ಒಂದು ಎಸ್‌ಎಂಪಿಎಸ್ ಎರವಲು ತಂದು ಹಾಕಿ ನೋಡುವುದೇ ನಂಬಿಕೆಯ ದಾರಿ. ಆ ಡಬ್ಬವನ್ನು ಮಾತ್ರ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರಿನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಉಳಿದವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಪ್ರೊಸೆಸರಿನ ಫ್ಯಾನಿಗೆ ಧೂಳು ಕಟ್ಟಿ ಬಿಸಿ ಸುಮಾರು 100 ಡಿಗ್ರಿ ಮುಟ್ಟಿದರೆ ಯಂತ್ರ ಮೊದಲು ಮಂದವಾಗುತ್ತದೆ, ಬಿಸಿ ಇನ್ನೂ ಏರಿದರೆ ಆರಿಯೇ ಹೋಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಬ್ಲೋವರ್ ಹೊಡೆಸಿ. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಮುಂದಿನ ರೀಸೆಟ್ ಗುಂಡಿ ಒಳಗೇ ಸಿಕ್ಕಿಕೊಂಡಿರುವುದುಂಟು. ಅದರ ತಂತಿ ಕಿತ್ತಿಟ್ಟು ನೋಡಬಹುದು.

ಇನ್ನು ನೀಲಿ ಪರದೆ. ವಿಂಡೋಸ್ ಕುಸಿದಾಗ ತಾನೇ ರೀಸ್ಟಾರ್ಟ್ ಆಗುವಂತೆ ಮೊದಲೇ ಹೊಂದಿಸಿರುತ್ತಾರೆ, ಹಾಗಾಗಿ ತಪ್ಪೇನೆಂದು ಓದುವಷ್ಟರಲ್ಲಿ ಪರದೆ ಮಾಯ. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ತೆರೆದು 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಮುಂದಿನ ಟಿಕ್ ತೆಗೆಯಿರಿ. ಮುಂದಿನ ಸಲ ಪರದೆ ನಿಲ್ಲುತ್ತದೆ, ಅದರಲ್ಲಿರುವ ಕೋಡನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆ ಕೋಡ್ ಪ್ರತಿ ಸಲ ಬೇರೆ ಬೇರೆ ಬರುತ್ತಿದ್ದರೆ ರ‍್ಯಾಮ್ ಪರೀಕ್ಷಿಸಿ. ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಸಾಧನ ಒಳಗೇ ಇದೆ.

ಈ ಯಾವುದನ್ನು ಮಾಡುವ ಮೊದಲೂ ಫೋಟೊ, ಲೆಕ್ಕಪತ್ರಗಳನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ಪದೇ ಪದೇ ಹಠಾತ್ತಾಗಿ ಆರುವ ಯಂತ್ರದಲ್ಲಿ ಮೊದಲು ಕೆಡುವುದು ಆಗಷ್ಟೇ ಬರೆಯುತ್ತಿದ್ದ ಫೈಲುಗಳು. ಇಷ್ಟಾದ ಮೇಲೂ ಅಂಗಡಿಗೆ ಹೋಗಲೇಬೇಕಾಗಿ ಬಂದರೆ, ಈ ಸಲ ಕಂಪ್ಯೂಟರಿನ ಜೊತೆ ಯುಪಿಎಸ್ಸನ್ನೂ, ನೀವು ಮನೆಯಲ್ಲಿ ಬಳಸುವ ಪವರ್ ಕೇಬಲನ್ನೂ ಒಯ್ಯಿರಿ. ಇಷ್ಟು ದಿನ ಅವರು ಪರೀಕ್ಷಿಸಿದ್ದು ತಮ್ಮ ಕರೆಂಟಿನಲ್ಲಿ.