ಪೀಕಿಂಗಿನಿಂದ ಪ್ಯಾರಿಸಿಗೆ: ಒಂದು ಇಟಾಲಾ ಕಾರಿನ ಚರಿತ್ರೆ

ಸುಗ್ಗಿಯ ಕಾಲದಲ್ಲಿ ನಮ್ಮ ಗಾಂಧಿ ಗಂಜಿನ ಲಾರಿಗಳ ಸಾಲನ್ನು ನೋಡದ ಬೀದರದವರಿಲ್ಲ. ತೊಗರಿ, ಕಡಲೆ, ಉದ್ದಿನ ಚೀಲಗಳನ್ನು ಹೊತ್ತು ಹೊರಡುವ ಆ ಲಾರಿಗಳ ಹಣೆಯ ಮೇಲೆ ಮಾಲೀಕರ ಮನೆತನದ ಹೆಸರೋ, ಮನೆದೇವರ ಹೆಸರೋ ದಪ್ಪ ಅಕ್ಷರಗಳಲ್ಲಿ ಇರುತ್ತದೆ. ಚಾಲಕನ ಹೆಸರನ್ನು ಬರೆಯುವ ವಾಡಿಕೆಯಿಲ್ಲ. ಲಾರಿ ಯಾರದೆಂದು ಕೇಳಿದರೆ ಹಣ ಕೊಟ್ಟು ಕೊಂಡವರ ಹೆಸರನ್ನು ಹೇಳುತ್ತೇವೆ. ಮಳೆಯಲ್ಲಿ, ರಾತ್ರಿಯಲ್ಲಿ ಅದನ್ನು ಘಾಟು ದಾಟಿಸಿದವರು ಯಾರೆಂದು ಕೇಳುವುದಿಲ್ಲ. ಹಾಗಾದರೆ ಒಂದು ವಾಹನದ ಚರಿತ್ರೆ ನಿಜವಾಗಿ ಯಾರ ಚರಿತ್ರೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇಟಲಿ ದೇಶದ ಒಂದು ಪ್ರಸಿದ್ಧ ಕಾರಿನ ಕಥೆಯನ್ನು ವಾಚಕರಿಗೆ ನಿವೇದಿಸುವುದು ಈ ಲೇಖನದ ಉದ್ದೇಶ.

ಮೊದಲು ನಮಗೆ ಹತ್ತಿರದ ಒಂದು ಉದಾಹರಣೆ. 1956ರವರೆಗೆ ಬೀದರ ಜಿಲ್ಲೆಯು ಹೈದರಾಬಾದು ಸಂಸ್ಥಾನಕ್ಕೆ, ಬಳಿಕ ಹೈದರಾಬಾದು ರಾಜ್ಯಕ್ಕೆ ಸೇರಿತ್ತಷ್ಟೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರಿಗಾಗಿ ಇಂಗ್ಲೆಂಡಿನಲ್ಲಿ ಸಿದ್ಧವಾದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಅದರಲ್ಲಿ ಸಿಂಹಾಸನದಂತಹ ಪೀಠವುಂಟು. ಆದರೆ ಕಾರು ಕೈಸೇರುವ ಮೊದಲೇ, 1911ರಲ್ಲಿ ಆ ನಿಜಾಮರು ತೀರಿಕೊಂಡರು. ಮುಂದೆಯೂ ಅದು ಓಡಿದ್ದು ಬಹಳ ಕಡಿಮೆ. ಒಡೆತನದ ವೈಭವವೆಲ್ಲ ಅದರಲ್ಲಿದೆ, ಪಯಣದ ಕಥೆ ಮಾತ್ರ ಇಲ್ಲ. ನಾನು ಹೇಳಹೊರಟಿರುವ ಕಾರು ಇದಕ್ಕೆ ತೀರ ವಿರುದ್ಧವಾದುದು.

ಟ್ಯುರಿನ್ ನಗರದ ಇಟಾಲಾ ಕಾರ್ಖಾನೆಯು 20ನೆಯ ಶತಮಾನದ ಆರಂಭದಲ್ಲಿ ಸ್ಥಾಪನೆಯಾಯಿತು. 1905ರಲ್ಲಿ ಬ್ರೆಷಿಯಾದ ಕೊಪ್ಪಾ ಫ್ಲೋರಿಯೋ ಪಂದ್ಯವನ್ನೂ, 1906ರಲ್ಲಿ ಸಿಸಿಲಿ ದ್ವೀಪದ ಮೊತ್ತಮೊದಲ ಟಾರ್ಗಾ ಫ್ಲೋರಿಯೋ ಪಂದ್ಯವನ್ನೂ ಇಟಾಲಾ ಕಾರುಗಳು ಗೆದ್ದವು. 1907ರ ಜನವರಿ ಕೊನೆಯಲ್ಲಿ ಪ್ಯಾರಿಸಿನ 'ಲ ಮಾತೆಂ' ಪತ್ರಿಕೆಯು ಜಗತ್ತಿಗೆ ಒಂದು ಸವಾಲು ಹಾಕಿತು: ಪೀಕಿಂಗಿನಿಂದ ಪ್ಯಾರಿಸಿಗೆ ಕಾರಿನಲ್ಲಿ ಬರುವವರು ಯಾರಾದರೂ ಇದ್ದಾರೆಯೇ? ದೂರ ಸುಮಾರು 15,000 ಕಿಲೋಮೀಟರು. ಬಹುಭಾಗ ರಸ್ತೆಯೇ ಇಲ್ಲ. ಕೊನೆಗೆ ಹೊರಟು ನಿಂತವು ಐದೇ ವಾಹನಗಳು: ಎರಡು ದ ದಿಯೋಂ ಬುತೊಂ, ಒಂದು ಸ್ಪೈಕರ್, ಒಂದು ಕೊಂತಾಲ್ ಮೂರು ಗಾಲಿಯ ಬಂಡಿ, ಮತ್ತು ಇಟಲಿಯ ರಾಜಕುಮಾರ ಷಿಪಿಯೋನೆ ಬೋರ್ಗೀಸೆಯ ಇಟಾಲಾ.

ಬೋರ್ಗೀಸೆ (1871-1927) ಧನಿಕನಾಗಿದ್ದಂತೆ ಧೀಮಂತನೂ ಆಗಿದ್ದನು. ಪೀಕಿಂಗಿನ ಉತ್ತರದ ಬೆಟ್ಟದ ಕಣಿವೆಗಳಲ್ಲಿ ಕಾರು ಹಿಡಿಯುವುದೋ ಇಲ್ಲವೋ ಎಂದು ತಿಳಿಯಲು, ಕಾರಿನ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಬಿದಿರುಗಳುವನ್ನು ಹಿಡಿದು ಕುದುರೆಯ ಮೇಲೆ ಹೋಗಿ ದಾರಿಯನ್ನು ಅಳೆದು ಬಂದನು. ಅವನ ಕಾರು 35/45 ಅಶ್ವಶಕ್ತಿಯದು. ನಾಲ್ಕು ಸಿಲಿಂಡರುಗಳ ಅದರ ಎಂಜಿನ್ನಿನ ಗಾತ್ರ ಏಳು ಲೀಟರಿಗೂ ಹೆಚ್ಚು. ಗಾಲಿಗಳ ಮೇಲಿನ ಕೆಸರುತಡೆಗಳ ಸ್ಥಾನದಲ್ಲಿ ಉದ್ದನೆಯ ಕಬ್ಬಿಣದ ಹಲಗೆಗಳನ್ನು ಜೋಡಿಸಿದ್ದರು. ಹಳ್ಳಕೊಳ್ಳ ಅಡ್ಡ ಬಂದಾಗ ಅವುಗಳನ್ನು ಬಿಚ್ಚಿ ಸೇತುವೆಯಂತೆ ಹಾಸಬಹುದಾಗಿತ್ತು. ಗೋಬಿ ಮರುಭೂಮಿಗೆ ಪೆಟ್ರೋಲು ಒಂಟೆಗಳ ಮೇಲೆ ಮೊದಲೇ ಹೋಗಿತ್ತು.

ಕಾರಿನಲ್ಲಿದ್ದವರು ಮೂವರು. ಒಬ್ಬನು ಒಡೆಯನಾದ ಬೋರ್ಗೀಸೆ. ಎರಡನೆಯವನು 'ಕೊರಿಯೆರೆ ದೆಲ್ಲಾ ಸೇರಾ' ಪತ್ರಿಕೆಯ ವರದಿಗಾರ ಲುಯಿಜಿ ಬಾರ್ಜೀನಿ. ಮೂರನೆಯವನು ಯಂತ್ರಕರ್ಮಿ ಎತ್ತೋರೆ ಗ್ವಿಜಾರ್ಡಿ. ಈ ಗ್ವಿಜಾರ್ಡಿಯ ಕಥೆ ಮನಕರಗಿಸುವಂತಹುದು. ಅವನ ತಂದೆ ರೈಲು ಎಂಜಿನ್ನಿನ ಚಾಲಕ. ಎಳೆಯ ಮಗನೂ ಅದೇ ಎಂಜಿನ್ನಿನಲ್ಲಿ ಕೆಲಸಕ್ಕಿದ್ದನು. ಬೋರ್ಗೀಸೆಯ ಬಂಗಲೆಯ ಬಳಿ ರೈಲು ಅಪಘಾತಕ್ಕೀಡಾಗಿ ತಂದೆ ಸತ್ತನು, ಮಗ ಗಾಯಗೊಂಡನು. ರಾಜಕುಮಾರನು ಆ ಹುಡುಗನಿಗೆ ಆಶ್ರಯವಿತ್ತು, ಯಂತ್ರವಿದ್ಯೆಯನ್ನು ಕಲಿಯಲು ನೆರವಾದನು. ಹೀಗೆ ಅನಾಥನೊಬ್ಬನು ಆ ಕಾರಿನ ಜೀವನಾಡಿಯಾದನು.

1907ರ ಜೂನ್ 10ರಂದು ಪೀಕಿಂಗಿನಿಂದ ಪಯಣ ಹೊರಟಿತು. ಆರಂಭದ ಬೆಟ್ಟಗಳಲ್ಲಿ ಎಂಜಿನ್ನಿನ ಶಕ್ತಿಗಿಂತ ಮನುಷ್ಯನ ತೋಳೇ ಹೆಚ್ಚು ದುಡಿಯಿತು; ಚೀನೀ ಕೂಲಿಗಳು ಹಗ್ಗ ಕಟ್ಟಿ ಕಾರುಗಳನ್ನು ಎಳೆದರು. ಗೋಬಿಯಲ್ಲಿ ಕೊಂತಾಲ್ ಬಂಡಿ ನಿಂತುಹೋಯಿತು. ಅದರಲ್ಲಿದ್ದವರನ್ನು ಸಾವಿನ ದವಡೆಯಿಂದ ಬಿಡಿಸಿದವರು ಮಂಗೋಲ ಅಲೆಮಾರಿಗಳು. ಬೈಕಲ್ ಸರೋವರದ ಪ್ರದೇಶದಲ್ಲಿ ಮರದ ಸೇತುವೆಯೊಂದು ಕುಸಿದು ಇಟಾಲಾ ಹಿಮ್ಮುಖವಾಗಿ ಕೆಳಕ್ಕೆ ಬಿದ್ದಿತು. ರೈಲ್ವೆ ಕೆಲಸಗಾರರು ಅದನ್ನು ಮೇಲೆತ್ತಿದರು. ಎಂಜಿನ್ನು ಮತ್ತೆ ಓಡಿತು! ರಸ್ತೆಯಿಲ್ಲದ ಕಡೆ ಅಪ್ಪಣೆ ಪಡೆದು ಸೈಬೀರಿಯದ ರೈಲುಹಳಿಯ ಮೇಲೆಯೇ ಕಾರನ್ನು ನಡೆಸಿದರು.

ಯುರೋಪಿನ ಗಡಿಯಲ್ಲಿ ಮರದ ಗಾಲಿಯೊಂದರ ಅರೆಕಾಲುಗಳು ಸಡಿಲಿ ಮುರಿದವು. ಟ್ಯುರಿನ್ನಿನ ಕಾರ್ಖಾನೆ ಸಾವಿರಾರು ಕಿಲೋಮೀಟರು ದೂರ. ಆಗ ರಷ್ಯದ ಹಳ್ಳಿಯ ಬಡಗಿಯೊಬ್ಬನು ಕೊಡಲಿಯನ್ನೇ ಉಳಿಯಂತೆ ಬಳಸಿ ಹೊಸ ಅರೆಕಾಲುಗಳನ್ನು ಕೆತ್ತಿ ಗಾಲಿಯನ್ನು ಕೂಡಿಸಿಕೊಟ್ಟನು. ನಮ್ಮ ಹಳ್ಳಿಗಳಲ್ಲಿ ಎತ್ತಿನ ಬಂಡಿಯ ಗಾಲಿ ಕಟ್ಟುವ ಬಡಗಿಯನ್ನು ಕಂಡವರಿಗೆ ಇದು ಅಸಾಧ್ಯವೆನಿಸದು. ಆದರೆ ಮೋಟಾರು ಯುಗದ ಮಹಾಪಂದ್ಯವು ಆ ಕ್ಷಣದಲ್ಲಿ ಒಂದು ಕೊಡಲಿಯ ಅಲಗಿನ ಮೇಲೆ ನಿಂತಿತ್ತೆಂಬುದನ್ನು ಮರೆಯಬಾರದು.

ಬೋರ್ಗೀಸೆಯ ವಿಶ್ವಾಸ ಎಷ್ಟಿತ್ತೆಂದರೆ, ಮಾಸ್ಕೋದಿಂದ ನೇರ ದಾರಿಯನ್ನು ಬಿಟ್ಟು ಔತಣಕ್ಕಾಗಿ ಸೇಂಟ್ ಪೀಟರ್ಸ್‌ಬರ್ಗಿಗೆ ಸುತ್ತುಬಳಸಿ ಹೋಗಿಬಂದನು. ಆದರೂ ಆಗಸ್ಟ್ 10ರಂದು ಇಟಾಲಾ ಪ್ಯಾರಿಸನ್ನು ಮುಟ್ಟಿತು. ಉಳಿದವರು ಬಂದದ್ದು ಸುಮಾರು 20 ದಿನಗಳ ನಂತರ. 1930ರ ದಶಕದಲ್ಲಿ ಇಟಾಲಾ ಕಾರ್ಖಾನೆ ಮುಚ್ಚಿಹೋಯಿತು. ಕಾರು ಮಾತ್ರ ಉಳಿಯಿತು. ಟ್ಯುರಿನ್ನಿನ ರಾಷ್ಟ್ರೀಯ ಮೋಟಾರು ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಅದನ್ನು ಕಾಣಬಹುದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪಂದ್ಯವನ್ನು ಗೆದ್ದವನು ಬೋರ್ಗೀಸೆ ಎಂದು ಕೋಷ್ಟಕಗಳು ಹೇಳುತ್ತವೆ. ಅದು ಸುಳ್ಳಲ್ಲ. ಹಣ ಅವನದು, ಯೋಜನೆ ಅವನದು, ಬಿದಿರುಗಳು ಹಿಡಿದ ಕೈಯೂ ಅವನದು. ಅವನನ್ನು ಕೀಳುಗಳೆದು ಸೇವಕನನ್ನು ಮೇಲೇರಿಸುವುದು ಒಂದು ಅನ್ಯಾಯದ ಜಾಗದಲ್ಲಿ ಇನ್ನೊಂದನ್ನು ಇಟ್ಟಂತೆ. ಆದರೆ ದಿನದ ಪಯಣ ಮುಗಿದು ಇತರರು ಮಲಗಿದ ಮೇಲೂ ಕಾರಿನ ಅಡಿಯಲ್ಲಿ ಮಲಗಿ ಒಂದೊಂದು ತಿರುಪನ್ನೂ ಪರೀಕ್ಷಿಸಿದವನು ಗ್ವಿಜಾರ್ಡಿ. ಚುಕ್ಕಾಣಿ ಹಿಡಿಯುವುದರಲ್ಲಿಯೂ ಅವನ ಪಾಲಿತ್ತು. ಅವನಿಲ್ಲದಿದ್ದರೆ ಒಡೆತನವಿರುತ್ತಿತ್ತು, ಓಟವಿರುತ್ತಿರಲಿಲ್ಲ.

ಇದು ನಮಗೆ ತಿಳಿದದ್ದು ಹೇಗೆ? ಬಾರ್ಜೀನಿಯ ಲೇಖನಿಯಿಂದ. ಅವನು ದಾರಿಯುದ್ದಕ್ಕೂ ತಂತಿಯ ಮೂಲಕ ವರದಿಗಳನ್ನು ಕಳುಹಿಸಿದನು. ಬಳಿಕ ಬರೆದ ಗ್ರಂಥವು ಹಲವು ಭಾಷೆಗಳಿಗೆ ಅನುವಾದಗೊಂಡಿತು. ರಾಜಕುಮಾರನ ಪಕ್ಕದಲ್ಲಿಯೇ ಯಂತ್ರಕರ್ಮಿಗೂ, ಸತ್ತ ಅವನ ತಂದೆಗೂ, ಹಳ್ಳಿಯ ಬಡಗಿಗೂ ಅವನು ಪುಟಗಳಲ್ಲಿ ಸ್ಥಳ ಕೊಟ್ಟನು.

ನಮ್ಮ ಊರಿನಲ್ಲಿ 1472ರಲ್ಲಿ ಕಟ್ಟಿಸಿದ ಮದರಸಕ್ಕೆ ಮಹಮೂದ್ ಗವಾನನ ಹೆಸರಿದೆ, ಅದು ಯೋಗ್ಯವೂ ಹೌದು. ಅದರ ಕಲ್ಲು ಹೊತ್ತವರನ್ನು ನಾವು ಹೆಸರಿಟ್ಟು ಕರೆಯಲಾರೆವು. ಹಳೆಯ ಬಿದರಿ ಹೂಜಿಯ ಮೇಲಿನ ಬೆಳ್ಳಿಯ ಬಳ್ಳಿಯನ್ನು ಮೆಚ್ಚುತ್ತೇವೆ, ಬಳ್ಳಿ ಬಿಡಿಸಿದ ಕೈ ಯಾರದೆಂದು ಹೇಳಲಾರೆವು. ಅವರ ಪಕ್ಕದಲ್ಲಿ ಬಾರ್ಜೀನಿಯಂತಹ ಒಬ್ಬನು ಕುಳಿತಿರಲಿಲ್ಲ.

ನನ್ನ ತಂದೆ ಗಂಜಿನ ಲಾರಿಯೊಂದರ ಚಾಲಕರು. ಓದುಬರಹ ಅವರಿಗೆ ದೊರೆಯಲಿಲ್ಲ; ಯಾವ ಘಾಟಿನಲ್ಲಿ ಯಾವ ಗೇರು ಹಾಕಬೇಕೆಂಬುದನ್ನು ಮಾತ್ರ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲರು. ನಮ್ಮ ಕಾಲೇಜಿನಲ್ಲಿ ಮನೆತನದಲ್ಲಿಯೇ ಮೊದಲ ಬಾರಿಗೆ ಪದವಿಯ ಹೊಸ್ತಿಲು ತುಳಿದವರು ನನ್ನಂತೆ ಎಷ್ಟೋ ಮಂದಿ ಇದ್ದಾರೆ. ನಮಗೆ ಕಾರಿನ ಒಡೆತನ ಬರುವುದೋ ಇಲ್ಲವೋ ತಿಳಿಯದು; ಲೇಖನಿಯಂತೂ ಬಂದಿದೆ. ಮಿತ್ರರೇ, ಈ ರಜೆಯಲ್ಲಿ ನಿಮ್ಮ ನಿಮ್ಮ ಮನೆಯ ಹಿರಿಯರ ಬಳಿ ಒಂದು ಸಂಜೆ ಕುಳಿತು, ಅವರು ದಾಟಿದ ದಾರಿಗಳನ್ನು ಕೇಳಿ ಬರೆದಿಡಿರಿ. ನಾನು ಈಗಾಗಲೇ ಒಂದು ನೋಟುಪುಸ್ತಕವನ್ನು ಕೊಂಡಿದ್ದೇನೆ.