ಮಂತ್ರಾಲೋಚನೆಯಿಂದ ಮಂಡಳಿಯವರೆಗೆ: ಭಾರತದ ರಾಷ್ಟ್ರೀಯ ಭದ್ರತಾ ನೀತಿನಿರೂಪಣೆಯ ಸ್ವರೂಪ

ರಾಜ್ಯದ ರಕ್ಷಣೆಯ ವಿಷಯದಲ್ಲಿ ಆಳುವವನು ಎಷ್ಟು ಜನರೊಡನೆ ಸಮಾಲೋಚಿಸಬೇಕು ಎಂಬುದು ಬಹು ಹಳೆಯ ಪ್ರಶ್ನೆ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಮೊದಲ ಅಧಿಕರಣದಲ್ಲಿ ಮಂತ್ರಾಲೋಚನೆಯನ್ನು ಕುರಿತೇ ಒಂದು ಅಧ್ಯಾಯವಿದೆ. ಮಂತ್ರಿ ಒಬ್ಬನೇ ಆದರೆ ಅಂಕುಶವಿಲ್ಲದೆ ವರ್ತಿಸುತ್ತಾನೆ. ಇಬ್ಬರಾದರೆ ಒಂದುಗೂಡಿ ಅರಸನನ್ನು ಮಣಿಸುತ್ತಾರೆ, ಇಲ್ಲವೇ ಕಲಹದಿಂದ ಕಾರ್ಯ ಕೆಡಿಸುತ್ತಾರೆ. ಸಂಖ್ಯೆ ಹೆಚ್ಚಿದರೆ ನಿರ್ಣಯಕ್ಕೆ ಬರುವುದೂ ಗುಟ್ಟು ಕಾಯುವುದೂ ಕಷ್ಟ. ಆದ್ದರಿಂದ ಮೂವರು ಅಥವಾ ನಾಲ್ವರು ಲೇಸೆಂಬುದು ಅಲ್ಲಿನ ನಿಲುವು. ಗೋಪ್ಯತೆ ಮತ್ತು ಭಿನ್ನಾಭಿಪ್ರಾಯಗಳ ನಡುವಿನ ಈ ಸಮತೋಲನವನ್ನು ಸ್ವತಂತ್ರ ಭಾರತವೂ ಅರಸುತ್ತ ಬಂದಿದೆ.

1947ರಲ್ಲಿ ಲಾರ್ಡ್ ಇಸ್ಮೇ ಅವರ ಸಲಹೆಯಂತೆ ಪ್ರಧಾನಿಯ ಅಧ್ಯಕ್ಷತೆಯಲ್ಲಿ ಸಚಿವ ಸಂಪುಟದ ರಕ್ಷಣಾ ಸಮಿತಿ ರೂಪುಗೊಂಡಿತು. ಸೇನಾ ಮುಖ್ಯಸ್ಥರು ಅದರ ಸಭೆಗಳಲ್ಲಿ ಹಾಜರಿರುತ್ತಿದ್ದರು. 1962ರ ಚೀನಾ ಯುದ್ಧಕಾಲದಲ್ಲಿ ಸಂಪುಟದ ತುರ್ತು ಸಮಿತಿ ಹುಟ್ಟಿಕೊಂಡಿತು. 1962 ಮತ್ತು 1965ರ ಯುದ್ಧಗಳ ಅನುಭವದ ಹಿನ್ನೆಲೆಯಲ್ಲಿ ವಿದೇಶಿ ಬೇಹುಗಾರಿಕೆಯನ್ನು ಗುಪ್ತಚರ ದಳದಿಂದ ಬೇರ್ಪಡಿಸಿ, 1968ರಲ್ಲಿ ‘ರಾ’ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಪೆಟ್ಟು ಬಿದ್ದ ಬಳಿಕವೇ ವ್ಯವಸ್ಥೆ ಬದಲಾದುದನ್ನು ಇಲ್ಲಿ ಗಮನಿಸಬಹುದು.

ರಾಷ್ಟ್ರೀಯ ಭದ್ರತಾ ಮಂಡಳಿಯನ್ನು 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ರಚಿಸಿತಾದರೂ ಅದು ಬೇರೂರಲಿಲ್ಲ. ಪೋಖ್ರಾನ್ ಅಣುಪರೀಕ್ಷೆಯ ವರ್ಷವಾದ 1998ರಲ್ಲಿ ವಾಜಪೇಯಿ ಸರ್ಕಾರ ಅದನ್ನು ಮತ್ತೆ ರಚಿಸಿತು. ಅಧಿಕಾರಿಗಳ ಕಾರ್ಯತಂತ್ರ ಗುಂಪು, ಹೊರಗಿನ ತಜ್ಞರ ಸಲಹಾ ಮಂಡಳಿ ಮತ್ತು ಕಾರ್ಯಾಲಯಗಳು ಅದಕ್ಕೆ ಒತ್ತಾಸೆಯಾದವು. ಮೊದಲ ಭದ್ರತಾ ಸಲಹೆಗಾರರಾದ ಬ್ರಜೇಶ್ ಮಿಶ್ರಾ ಪ್ರಧಾನಿಯ ಪ್ರಧಾನ ಕಾರ್ಯದರ್ಶಿಯೂ ಆಗಿದ್ದರು. 1999ರ ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಿಶೀಲನಾ ಸಮಿತಿಯು ಪೂರ್ಣಾವಧಿ ಸಲಹೆಗಾರರಿರಬೇಕೆಂದು ಸೂಚಿಸಿತು. ಬೇಹು ಸಂಸ್ಥೆಗಳ ನಡುವಣ ಸಮನ್ವಯದ ಕೊರತೆಯನ್ನೂ ಎತ್ತಿ ತೋರಿಸಿತು. 2001ರಲ್ಲಿ ಸಚಿವರ ತಂಡ ಶಿಫಾರಸು ಮಾಡಿದ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆ ಸೃಷ್ಟಿಯಾದುದು 2019ರಲ್ಲಿ. ಪಾಠ ಕಲಿತದ್ದಕ್ಕೂ ಅದನ್ನು ಆಚರಣೆಗೆ ತಂದದ್ದಕ್ಕೂ ನಡುವೆ 18 ವರ್ಷಗಳ ಅಂತರವಿದೆ.

ಭದ್ರತಾ ಮಂಡಳಿಯಲ್ಲಿಯೂ ಸಂಪುಟದ ಭದ್ರತಾ ಸಮಿತಿಯಲ್ಲಿಯೂ ಬಹುಮಟ್ಟಿಗೆ ಅದೇ ಸಚಿವರಿರುತ್ತಾರೆ. ಸಲಹೆಯ ವಲಯ ಹಿಗ್ಗಿದಷ್ಟು ನಿರ್ಧಾರದ ವಲಯ ಹಿಗ್ಗಿಲ್ಲ. ಗೋಪ್ಯತೆಯ ದೃಷ್ಟಿಯಿಂದ ಇದು ಸಹಜವೇ ಸರಿ. ಆದರೆ ಒಬ್ಬನೇ ಮಂತ್ರಿಯ ಕುರಿತು ಕೌಟಿಲ್ಯನಿಗಿದ್ದ ಆತಂಕ ಇಲ್ಲಿಯೂ ಪ್ರಸ್ತುತ. ಒಪ್ಪದ ಮಾತು ನಿರ್ಧಾರಕ್ಕೆ ಮುನ್ನ ಆಳುವವರ ಕಿವಿಗೆ ತಲುಪುತ್ತದೆಯೇ ಎಂಬುದೇ ಇಂತಹ ವ್ಯವಸ್ಥೆಯ ನಿಜವಾದ ಒರೆಗಲ್ಲು; ಸಂಸ್ಥೆಗಳ ಸಂಖ್ಯೆಯಲ್ಲ.